ಮೊದಲು ಹಿಂದೆ ಸರಿದವರು ಯಾರು?

(ಕ್ರಿಸ್ತರಾಜರ ಹಬ್ಬದ ಪ್ರಬೋಧನೆ)



ನಾವೀಗ ನವೆಂಬರಿನಲ್ಲಿ ಆಚರಿಸುವ ಈ ಹಬ್ಬ ಹಿಂದೆ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬರುತ್ತಿತ್ತು. ಹಿರಿಯರಿಗೆ ನೆನಪಿರಬಹುದು. 1962ರಲ್ಲಿ ಆ ಭಾನುವಾರ ಅಕ್ಟೋಬರ್ 28. ಜಗತ್ತು ಅಣುಯುದ್ಧದ ಅಂಚಿನಿಂದ ಹಿಂದೆ ಬಂದದ್ದು ಅಂದೇ.

ಆ ವಾರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನರಿಗೆ (ಆಗ ನಾವೆಲ್ಲ ರಾಯಚೂರು ಜಿಲ್ಲೆಯವರು) ಬೇರೆಯೇ ಚಿಂತೆ. 20ರಂದು ಚೀನಾ ನಮ್ಮ ಗಡಿಯ ಮೇಲೆ ದಾಳಿ ಮಾಡಿತ್ತು. 26ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಕ್ಯೂಬಾದ ಹೆಸರು ಎಷ್ಟು ಮಂದಿಯ ಕಿವಿಗೆ ಬಿದ್ದೀತು?

ಅಮೆರಿಕದ ಕರಾವಳಿಗೆ ಸುಮಾರು 150 ಕಿ.ಮೀ. ದೂರದ ಆ ದ್ವೀಪದಲ್ಲಿ ಸೋವಿಯತ್ ಒಕ್ಕೂಟ ಗುಟ್ಟಾಗಿ ಅಣ್ವಸ್ತ್ರ ಕ್ಷಿಪಣಿಗಳನ್ನು ಇಟ್ಟಿತ್ತು. 22ರಂದು ಅಧ್ಯಕ್ಷ ಕೆನಡಿ ನೌಕಾ ದಿಗ್ಬಂಧನ ಸಾರಿದರು. ಆ ಹುದ್ದೆಗೇರಿದ ಮೊದಲ ಕಥೋಲಿಕರು ಅವರು. ಆದರೆ ಅವರ ದೇಶದ ಕ್ಷಿಪಣಿಗಳೂ ಟರ್ಕಿಯಲ್ಲಿ ಸೋವಿಯತ್ ನೆಲದತ್ತ ಮುಖ ಮಾಡಿ ನಿಂತಿದ್ದವು. ಇಬ್ಬರಿಗೂ ಭಯ, ಇಬ್ಬರಿಗೂ ಮಾನದ ಪ್ರಶ್ನೆ.

ಜಗದ್ಗುರು 23ನೇ ಜಾನ್‌ರವರು ಆ ತಿಂಗಳ 11ರಂದಷ್ಟೇ ಎರಡನೇ ವ್ಯಾಟಿಕನ್ ಮಹಾಸಭೆಯನ್ನು ಆರಂಭಿಸಿದ್ದರು. ಹೊಟ್ಟೆಯಲ್ಲಿ ಕ್ಯಾನ್ಸರ್, ಮುಂದಿನ ಜೂನ್ ತಿಂಗಳಲ್ಲಿ ತೀರಿಕೊಂಡರು. ಆ 25ರಂದು ಅವರು ವ್ಯಾಟಿಕನ್ ರೇಡಿಯೊದಲ್ಲಿ ಮಾತನಾಡಿ, ಶಾಂತಿಗಾಗಿ ಮೊರೆಯಿಡುವ ಜನರ ದನಿಯನ್ನು ಆಳುವವರು ಕೇಳಬೇಕು, ಮಾತುಕತೆಗೆ ಒಪ್ಪಬೇಕು ಎಂದು ಬೇಡಿದರು. ತಪ್ಪು ಇಂಥವರದೆಂದು ಬೊಟ್ಟು ಮಾಡಲಿಲ್ಲ. ಅದರಿಂದಲೇ ಇರಬೇಕು, ದೇವರನ್ನೇ ಒಪ್ಪದ ಪಕ್ಷದ ಪತ್ರಿಕೆ 'ಪ್ರಾವ್ದಾ' ಕೂಡ ಅದನ್ನು ಅಚ್ಚುಹಾಕಿತು.

ಜಗದ್ಗುರುಗಳ ಮಾತೊಂದೇ ಯುದ್ಧ ತಪ್ಪಿಸಿತೆಂದು ನಾವು ಕೊಚ್ಚಿಕೊಳ್ಳುವುದು ಬೇಡ. 27ರ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿಯನ್ನು ಕಂಡು, ಟರ್ಕಿಯ ಕ್ಷಿಪಣಿಗಳೂ ಹೋಗುತ್ತವೆ, ಆದರೆ ಇದು ಹೊರಗೆ ಬರಕೂಡದು ಎಂದರು. ಮರುದಿನ ಖ್ರುಶ್ಚೇವ್ ಕ್ಯೂಬಾದಿಂದ ಕ್ಷಿಪಣಿ ತೆಗೆಯುವುದಾಗಿ ಸಾರಿದರು. ಖ್ರುಶ್ಚೇವ್ ಸೋತರೆಂದು ಜನ ಆಡಿಕೊಂಡರು. 1963ರ ಏಪ್ರಿಲ್ ಹೊತ್ತಿಗೆ ಟರ್ಕಿಯಲ್ಲಿದ್ದವೂ ಹೋದವು. ಒಪ್ಪಂದದ ಗುಟ್ಟು ಮಾತ್ರ ಬಹಳ ವರ್ಷ ಗುಟ್ಟಾಗಿಯೇ ಉಳಿಯಿತು.

ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1961ರ ಅಕ್ಟೋಬರಿನಲ್ಲಿ, ಬರ್ಲಿನ್ನಿನ ಒಂದು ಬೀದಿಯಲ್ಲಿ ಇದೇ ಎರಡು ದೇಶಗಳ ಟ್ಯಾಂಕುಗಳು ಎದುರುಬದುರು ನಿಂತಿದ್ದವು. 28ರ ಬೆಳಿಗ್ಗೆ ಸೋವಿಯತ್ ಟ್ಯಾಂಕೊಂದು ಕೆಲವೇ ಮೀಟರ್ ಹಿಂದೆ ಹೋಯಿತು. ಆಮೇಲೆ ಅಮೆರಿಕದ್ದೊಂದು. ಹಾಗೇ ಒಂದೊಂದಾಗಿ ಬೀದಿ ಖಾಲಿಯಾಯಿತು.

ಇಷ್ಟು ದೂರದ ಕಥೆ ಏಕೆಂದು ಕೇಳುತ್ತೀರಿ. ಎಡದಂಡೆ ಕಾಲುವೆಯ ನೀರಿಗಾಗಿ ನಮ್ಮ ಧರ್ಮಕೇಂದ್ರದ ಎರಡು ಮನೆಗಳವರು ಮಾತು ಬಿಟ್ಟು ಇದು ಮೂರನೇ ವರ್ಷ. ಬಲಿಪೂಜೆಯಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಗುರುಗಳಾದ ನಾವೇನು ಮಾಡಿದೆವು? ಒಂದು ಮನೆಯಲ್ಲಿ ಚಹಾ ಕುಡಿದು ಅವರ ಮಾತಿಗೆ ತಲೆಯಾಡಿಸಿದೆವು, ಇನ್ನೊಂದು ಮನೆಯಲ್ಲಿ ಊಟ ಮಾಡಿ ಅವರ ಮಾತಿಗೂ ತಲೆಯಾಡಿಸಿದೆವು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಮಾಡಲಿಲ್ಲ. ಇದು ನಮ್ಮ ತಪ್ಪು. ಈ ಪೀಠದಿಂದಲೇ ಒಪ್ಪಿಕೊಳ್ಳುತ್ತೇವೆ.

ಇಂದಿನ ಶುಭಸಂದೇಶದಲ್ಲಿ ಪಿಲಾತನ ಮುಂದೆ ನಿಂತ ಅರಸರಿಗೆ ಕಾದಾಡುವ ಸೈನ್ಯವಿಲ್ಲ. ಅವರ ಹಬ್ಬದ ದಿನವಾದರೂ ನಾವು ಈ ಕೆಲಸಕ್ಕೆ ಕೈಹಾಕುತ್ತೇವೆ. ಸಂಜೆ ಪರಮಪ್ರಸಾದದ ಮೆರವಣಿಗೆ ಮುಗಿದ ಮೇಲೆ ಗುರುಮನೆಯಲ್ಲಿ ಕುರ್ಚಿ ಹಾಕಿ ಕಾಯುತ್ತೇವೆ. ಜೊತೆಯಾಗಿ ಬರಬೇಕೆಂದಿಲ್ಲ. ಯಾರು ಮೊದಲು ಬಂದರೆಂದು ಯಾರಿಗೂ ಹೇಳುವುದಿಲ್ಲ. ಹಿತ್ತಲ ಬಾಗಿಲೂ ತೆರೆದಿರುತ್ತದೆ.