ಹೊಗೆಪರೀಕ್ಷೆಗೆ ವಾಹನವನ್ನು ಸಿದ್ಧಪಡಿಸುವುದೆಂದರೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಾಡು, ನದಿ, ಗಣಿಗಾರಿಕೆಗಳ ಕುರಿತು ನಾವು ಬಹಳಷ್ಟು ಮಾತನಾಡಿದ್ದೇವೆ. ಇಂದು ನನ್ನ ಮನೆಯಂಗಳದಲ್ಲಿಯೇ ನಿಂತಿರುವ ಒಂದು ತಪ್ಪಿನ ಕುರಿತು ಹೇಳಬಯಸುತ್ತೇನೆ. ಅದು ನನ್ನ ಹಳೆಯ ಡೀಸೆಲ್ ಪಿಕಪ್.

ಗೊಬ್ಬರ ಹೇರಿಕೊಂಡು ಘಟ್ಟವೇರುವಾಗ ಸೊರಗುತ್ತದೆಂದು ಅದರ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಇಂಧನ ಹೋಗುವಂತೆ ಮಾಡಿಸಿದ್ದೆ. ಬಲ ಬಂತು, ಬೆನ್ನಿಗೇ ಕಪ್ಪು ಹೊಗೆಯೂ ಬಂತು. ಹೊಗೆಪರೀಕ್ಷೆಯಲ್ಲಿ ವಾಹನ ಅನುತ್ತೀರ್ಣವಾಯಿತು. ಹಿತೈಷಿಯೊಬ್ಬರು ಉಪಾಯ ಹೇಳಿದರು: “ಇವತ್ತೊಂದಿನ ಸ್ಕ್ರೂ ಹಿಂದೆ ತಿರುಗಿಸಿ ಸಾರ್, ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಮತ್ತೆ ಮೊದಲಿನಂತೆ ಮಾಡಿಕೊಳ್ಳಿ.” ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ: ಆ ಸಲ ನಾನು ಹಾಗೆಯೇ ಮಾಡಿದೆ. ಪರೀಕ್ಷೆ ಕೆಲವೇ ನಿಮಿಷಗಳದು. ಆ ಪ್ರಮಾಣಪತ್ರದ ನೆರಳಿನಲ್ಲಿ ನಾನು ಉಗುಳಿದ ಹೊಗೆ ಆರು ತಿಂಗಳಿನದು.

ಕಪ್ಪು ಹೊಗೆಯೆಂದರೆ ಪೂರ್ತಿ ಉರಿಯದ ಇಂಧನ. ಉರಿಯಲು ಗಾಳಿ ಬೇಕು. ಸಮುದ್ರಮಟ್ಟಕ್ಕಿಂತ 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 11ರಷ್ಟು ಕಡಿಮೆ. ಗಾಳಿಯೇ ತೆಳುವಾಗಿರುವ ನಮ್ಮ ಬೆಟ್ಟಗಳಲ್ಲಿ ಇಂಧನವನ್ನು ಹೆಚ್ಚಿಸುವುದು ಹಸಿ ಸೌದೆಯ ಒಲೆಗೆ ಮತ್ತಷ್ಟು ಹಸಿ ಸೌದೆ ತುರುಕಿದಂತೆ.

ಹಾಗಾದರೆ ಪರೀಕ್ಷೆಗೆ ಸಿದ್ಧಪಡಿಸುವ ಸರಿಯಾದ ಕ್ರಮ ಯಾವುದು? ಮೊದಲು ಪಂಪನ್ನು ತಯಾರಕರು ನಿಗದಿಪಡಿಸಿದ ಅಳತೆಗೆ ಮರಳಿಸಬೇಕು; ಅಲ್ಲಿಯೇ ಉಳಿಸಬೇಕು. ನಮ್ಮ ಮಣ್ಣುರಸ್ತೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ; ಅದನ್ನು ಬದಲಿಸಬೇಕು. ಇಂಜೆಕ್ಟರುಗಳನ್ನು ಪರೀಕ್ಷಿಸಿ, ವಾಲ್ವ್‌ಗಳ ಅಂತರ ಸರಿಪಡಿಸಿ, ಆಯಿಲ್ ಬದಲಿಸಬೇಕು. ಪರೀಕ್ಷಾ ಕೇಂದ್ರಕ್ಕೆ ತಣ್ಣಗಿನ ಎಂಜಿನ್ ಒಯ್ಯಬಾರದು. ಆಯಿಲ್ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರಬೇಕು. ಅಲ್ಲಿ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆಂದು ಅಳೆಯುತ್ತಾರೆ. ಮೀಟರಿಗೆ 2.45 ಎಂಬುದು ಬಿ.ಎಸ್.-4ಕ್ಕಿಂತ ಹಳೆಯ ಡೀಸೆಲ್ ವಾಹನಗಳ ಮಿತಿ, ಬಿ.ಎಸ್.-4 ವಾಹನಗಳಿಗೆ 1.62.

2020ರ ಏಪ್ರಿಲ್‌ನಿಂದ ಬಿ.ಎಸ್.-6 ಜಾರಿಯಲ್ಲಿದೆ. ಈ ಹೊಸ ವಾಹನಗಳಲ್ಲಿ ಸ್ಕ್ರೂ ಬದಲು ಕಂಪ್ಯೂಟರ್ ತಂತ್ರಾಂಶವನ್ನೇ ತಿದ್ದುವುದು, ಮಸಿ ಹಿಡಿಯುವ ಫಿಲ್ಟರನ್ನು ಕಿತ್ತೆಸೆಯುವುದು ಯುವಕರಿಗೆ ಸಾಹಸವಾಗಿ ಕಾಣಬಹುದು. ಇದರ ಫಲವನ್ನು ಅಮೆರಿಕ ಕಂಡಿದೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ 2020ರ ವರದಿಯ ಪ್ರಕಾರ, ಸುಮಾರು ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಮಾಲಿನ್ಯ ನಿಯಂತ್ರಣ ಸಾಧನಗಳನ್ನು ತೆಗೆಯಲಾಗಿತ್ತು. ಅವುಗಳ ಹೆಚ್ಚುವರಿ ಹೊಗೆ, ಸುಸ್ಥಿತಿಯಲ್ಲಿರುವ 90 ಲಕ್ಷ ಪಿಕಪ್‌ಗಳನ್ನು ರಸ್ತೆಗಿಳಿಸಿದ್ದಕ್ಕೆ ಸಮ.

ಕೃಷಿ ವಿಜ್ಞಾನಿಯಾಗಿ ಇನ್ನೊಂದು ಮಾತು. ಈ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಇತರ ಆವಿಗಳೊಡನೆ ಸೇರಿ ನೆಲಮಟ್ಟದ ಓಝೋನ್ ಆಗುತ್ತವೆ. ಅದು ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಗೋಧಿ, ಸೋಯಾ ಅವರೆಯಂಥ ಬೆಳೆಗಳ ಇಳುವರಿ ಕುಗ್ಗಿಸುತ್ತದೆ. ಚಳಿಗಾಲದ ಮುಂಜಾನೆ ನಮ್ಮ ಕಣಿವೆಗಳಲ್ಲಿ ತಣ್ಣನೆಯ ಗಾಳಿ ಕೆಳಗುಳಿದು, ಬೆಚ್ಚನೆಯ ಗಾಳಿ ಮೇಲೆ ಮುಚ್ಚಳದಂತೆ ನಿಲ್ಲುವುದುಂಟು. ಆಗ ಹೊಗೆಗೆ ಹೊರಹೋಗಲು ದಾರಿಯಿಲ್ಲ. ಅದೇ ಹೊತ್ತಿಗೆ ನಮ್ಮ ಮಕ್ಕಳು ಏರುದಾರಿಯಲ್ಲಿ ಶಾಲೆಗೆ ನಡೆಯುತ್ತಿರುತ್ತಾರೆ.

ಒಂದು ದಿನ ನನ್ನ ವಾಹನ ಸಮೀಪಿಸುತ್ತಿದ್ದಂತೆ ಹುಡುಗಿಯೊಬ್ಬಳು ಸೆರಗಿನಂತೆ ದಾವಣಿಯನ್ನು ಮೂಗಿಗೆ ಒತ್ತಿಕೊಂಡು ರಸ್ತೆಯಂಚಿನ ಚರಂಡಿಗಿಳಿದು ನಿಂತಳು. ನನ್ನ ಜೇಬಿನಲ್ಲಿ ಚಾಲ್ತಿಯಲ್ಲಿರುವ ಪ್ರಮಾಣಪತ್ರವಿತ್ತು! ಮರುದಿನವೇ ಪಂಪನ್ನು ಮೊದಲಿನ ಅಳತೆಗೆ ತರಿಸಿದೆ. ಈಗ ಒಂದು ಸಲಕ್ಕೆ ಒಯ್ಯುತ್ತಿದ್ದ ಗೊಬ್ಬರವನ್ನು ಎರಡು ಸಲ ಒಯ್ಯುತ್ತೇನೆ. ಘಟ್ಟದಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ದಾರಿ ಬಿಟ್ಟುಕೊಟ್ಟು ನಿಧಾನವಾಗಿ ಏರುತ್ತೇನೆ.