ಸೋಮವಾರಕ್ಕೊಂದು ಹಾಳೆ

(ಹೊಸಪೇಟೆಯಲ್ಲಿ ಯುವಕ ಯುವತಿಯರ ಎದುರು ಆಡಿದ ಮಾತು)



ಕನ್ನಡದ ಬಾವುಟ ಹಿಡಿಯಲು ನಾವೆಲ್ಲ ಮುಂದು. ಕನ್ನಡದಲ್ಲಿ ಒಂದು ಪುಟ ಬರೆಯಿರಿ ಎಂದರೆ ಎಷ್ಟು ಮಂದಿ ಕೈ ಎತ್ತುತ್ತೀರಿ? ಹೀಯಾಳಿಸಲು ಕೇಳುತ್ತಿಲ್ಲ. ನಾನೂ ಹಾಗೇ ಇದ್ದವನು. ಜನವರಿಯಲ್ಲಿ ಹೊಸ ಡೈರಿ ಕೊಳ್ಳುತ್ತಿದ್ದೆ. ಯುಗಾದಿ ಬರುವಷ್ಟರಲ್ಲಿ ಅದು ಹಾಲಿನ ಲೆಕ್ಕದ ಪುಸ್ತಕ! ಯಾರೂ ಓದದ ಬರಹ ನಿಂತುಹೋದರೆ ಕೇಳುವವರು ಯಾರು?

ಕೊನೆಗೆ, ಸೋಮವಾರಕ್ಕೊಂದು ಹಾಳೆ ಬರೆದು ನಮ್ಮ ಓಣಿಯ ಚಹಾದಂಗಡಿಯ ಗೋಡೆಗೆ ಅಂಟಿಸತೊಡಗಿದೆ. ಮೊದಲ ಹಾಳೆ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಹೊಗಳಿಕೆ. ಕಂಪ್ಲಿಯ ಗದ್ದೆಗಳಿಗೂ ನೀರು ಬಂದದ್ದು ಆಗಲೇ ಎಂದು ಬರೆದಿದ್ದೆ. ಕಂಪ್ಲಿಯವರೊಬ್ಬರು ನಕ್ಕರು: "ನಮ್ಮ ಕಾಲುವಿ ವಿಜಯನಗರದ ಕಾಲದ್ದು ತಮ್ಮಾ!" ಪಕ್ಕದಲ್ಲಿದ್ದ ಅಜ್ಜ ನಗಲಿಲ್ಲ. "ನಾರಾಯಣದೇವರಕೆರಿ ಮುಳುಗಿದ್ದು ಯಾಕ ಬರೀಲಿಲ್ಲ? ನಮ್ಮ ಮನಿ ಅಲ್ಲೇ ಇತ್ತು" ಎಂದರು. ಆ ಊರಿನವರು ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಮನೆ ಕಟ್ಟಿದ ಕಥೆ ಮುಂದಿನ ಸೋಮವಾರ ಗೋಡೆಗೇರಿತು. ಡೈರಿಯಲ್ಲಿ ಬರೆದಿದ್ದರೆ ನನ್ನ ತಪ್ಪು ನನ್ನ ಜೊತೆಗೇ ಸಾಯುತ್ತಿತ್ತು.

ಒಂದು ವಾರ ತಪ್ಪಿಸಿದೆ. ಅಂಗಡಿಯವರು ಕೇಳಿದರು: "ಹಾಳಿ ಎಲ್ಲಿ?" ಆ ಪ್ರಶ್ನೆಯೇ ನನ್ನ ಗುರು.

ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಕೃಷ್ಣದೇವರಾಯನ 1510ರ ಶಾಸನ ನೋಡಿ. ಅದನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ, ಬಂದುಹೋಗುವವರ ಕಣ್ಣೆದುರು ನಿಲ್ಲಿಸಿದರು. 1565ರಲ್ಲಿ ರಾಜಧಾನಿ ಹಾಳಾಯಿತು, ಅಕ್ಷರ ಉಳಿಯಿತು. ಆ ಹಾಳು ಹಂಪಿಯನ್ನು ಕಂಡು ಮನ ಕಲಕಿದ ಆಲೂರು ವೆಂಕಟರಾಯರು ಮರುಗಿ ಸುಮ್ಮನಾಗಲಿಲ್ಲ. 1917ರಲ್ಲಿ 'ಕರ್ನಾಟಕ ಗತವೈಭವ' ಕೊಟ್ಟರು. 1922ರಲ್ಲಿ 'ಜಯಕರ್ನಾಟಕ' ಮಾಸಪತ್ರಿಕೆ ಆರಂಭಿಸಿ ತಿಂಗಳು ತಿಂಗಳೂ ಜನರ ಮುಂದೆ ನಿಂತರು.

ರಾಜರ ದಾನ ಕಲ್ಲಿನ ಮೇಲಿದೆ. ಕಲ್ಲು ಹೊತ್ತವರ ಹೆಸರೆಲ್ಲಿ? ಸಂಡೂರಿನ ಅದಿರು ಲಾರಿಯ ಕ್ಲೀನರ್, ಲಂಬಾಣಿ ತಾಯಿಯ ಕಸೂತಿ, ಕಂಪ್ಲಿಯಲ್ಲಿ ಭತ್ತ ನಾಟಿ ಮಾಡುವ ಕೈಗಳು: ಇವರ ಬದುಕನ್ನು ಬೆಂಗಳೂರಿನವರು ಬಂದು ಬರೆಯಬೇಕೇ? ಆ ಅಜ್ಜ ಈಗಿಲ್ಲ. ಕೇಳದೆ ಬಿಟ್ಟದ್ದೂ ಅವರ ಜೊತೆಗೇ ಹೋಯಿತು.

ಒಂದು ವಾರ ಗೊತ್ತುಮಾಡಿಕೊಳ್ಳಿ. ಒಂದೇ ಹಾಳೆ ಸಾಕು. ನಿಮ್ಮ ಓಣಿಯದೇ ವಿಷಯ, ನೀವಾಡುವ ಕನ್ನಡವೇ ಭಾಷೆ. ಕೆಳಗೆ ನಿಮ್ಮ ಹೆಸರು ಹಾಕಿ. ಕಾಗುಣಿತ ತಿದ್ದಿದವರಿಗೆ ಕೈಮುಗಿಯಿರಿ. ಚೆನ್ನಾಗಿ ಬಂದಮೇಲೆ ತೋರಿಸುತ್ತೇನೆ ಎಂದು ಕಾಯಬೇಡಿ. ತೋರಿಸುತ್ತಾ ಹೋದರೇ ಚೆನ್ನಾಗುವುದು.

ಬರುವ ಸೋಮವಾರ ನಿಮ್ಮ ಓಣಿಗೆ ಬರುತ್ತೇನೆ. ಗೋಡೆ ಖಾಲಿ ಇದ್ದರೆ ಅಲ್ಲೇ ನಿಂತು ಕೂಗುತ್ತೇನೆ: "ಹಾಳಿ ಎಲ್ಲಿ?"