ಮನೆಯಂಗಳದ ಜೇನು ಸಾಕಣೆ: ಅಲ್ಪ ಬಂಡವಾಳದ ಒಂದು ಉಪಕಸುಬು



ಬೇಸಾಯವೊಂದನ್ನೇ ನಂಬಿದ ಕುಟುಂಬಕ್ಕೆ ವರ್ಷದಲ್ಲಿ ಕೆಲವು ತಿಂಗಳು ಕೈಯಲ್ಲಿ ಕಾಸಿಲ್ಲದಿರುವುದು ಸರ್ವವಿದಿತವಾದ ಸಂಗತಿ. ಕಾಫಿಯ ಹಣವಾಗಲಿ, ಅಡಕೆಯ ಹಣವಾಗಲಿ, ಭತ್ತದ ಹಣವಾಗಲಿ ಒಂದೇ ಸಲಕ್ಕೆ ಬಂದು, ಬಂದಷ್ಟೇ ಬೇಗ ಹಳೆಯ ಬಾಕಿಗಳಿಗೆ ಹಂಚಿಹೋಗುತ್ತದೆ. ನಡುವಣ ತಿಂಗಳುಗಳ ಖರ್ಚಿಗೆ ಒದಗುವಂತೆ ಮನೆಯಲ್ಲಿಯೇ ನಡೆಸಬಹುದಾದ ಉಪಕಸುಬೊಂದು ಬೇಕೆಂದು ರೈತರು ಅಪೇಕ್ಷಿಸುವುದು ಸಹಜವೇ ಸರಿ. ಆದರೆ ಕಸುಬನ್ನು ಆರಿಸುವುದರಲ್ಲಿ ಎಡವಿ, ಮೊದಲಿದ್ದ ಸಾಲದ ಮೇಲೆ ಮತ್ತೊಂದು ಸಾಲವನ್ನು ಹೊತ್ತ ಮನೆಗಳೂ ಇಲ್ಲದಿಲ್ಲ.

ಈ ಎಡವು ಬಹುಮಟ್ಟಿಗೆ ಒಂದೇ ಬಗೆಯದು. ಕಸುಬನ್ನು ಹೂಡುವುದಕ್ಕೆ ಎಷ್ಟು ಹಣ ಬೇಕೆಂದು ಜನರು ವಿಚಾರಿಸುವರೇ ಹೊರತು, ಅದನ್ನು ನಡೆಸಿಕೊಂಡು ಹೋಗುವುದಕ್ಕೆ ದಿನದಿನವೂ ಏನು ಬೇಕೆಂಬುದನ್ನು ವಿಚಾರಿಸುವುದಿಲ್ಲ. ಕೋಳಿಮರಿಯ ಬೆಲೆ ಅಲ್ಪವೇ. ಆದರೆ ನೂರು ಕೋಳಿಗಳ ಆಹಾರವೆಲ್ಲ ಪೇಟೆಯಿಂದ ಬರಬೇಕಾದರೆ ಲಾಭವು ಅಂಗಡಿಯವನ ಪಾಲಾಗುತ್ತದೆ. ರೇಷ್ಮೆಯು ಮೈದಾನದ ಸೀಮೆಗೆ ಭಾಗ್ಯವನ್ನೇ ತಂದಿದೆಯೆನ್ನಬಹುದು. ಆದರೆ 100 ಚಿಟ್ಟೆಗಳಿಟ್ಟ ಮೊಟ್ಟೆಗಳಿಂದ ಹೊರಡುವ ಹುಳುಗಳು 40,000ಕ್ಕೆ ಕಡಮೆಯಿಲ್ಲ. ಹತ್ತಿರ ಹತ್ತಿರ ಒಂದು ತಿಂಗಳು ಅವುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ಹಿಪ್ಪುನೇರಳೆಯ ತೋಟವೂ, ನೀರೂ, ಹುಳು ಸಾಕುವ ಪ್ರತ್ಯೇಕ ಕೋಣೆಯೂ ಇಲ್ಲದವನು ಅದಕ್ಕೆ ಕೈಹಾಕತಕ್ಕುದಲ್ಲ. ಮೇವು ಎಲ್ಲಿಂದ ಬರುತ್ತದೆ, ಕೆಲಸಕ್ಕೆ ಯಾರ ಕೈ ಬಿಡುವಾಗಿದೆ, ಸರಕು ಕೆಡುವುದರೊಳಗೆ ಮಾರಾಟವಾಗುವುದೇ ಎಂಬುದನ್ನು ಮೊದಲು ಕೇಳಿಕೊಂಡವನಿಗೆ ಅರ್ಧ ನಷ್ಟ ತಪ್ಪಿದಂತೆಯೇ.

ಮಲೆನಾಡು, ಕೊಡಗು, ಕರಾವಳಿಯ ಮಗ್ಗುಲಿನ ಹಿಡುವಳಿದಾರರಿಗೆ ಈ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ಕೊಡುವ ಕಸುಬು ಜೇನು ಸಾಕಣೆ. ಅದರ ಮೇವು ಕಾಡಿನಲ್ಲಿಯೂ ತೋಟದಲ್ಲಿಯೂ ತಾನಾಗಿ ಅರಳುತ್ತದೆ. ಸುತ್ತಲಿನ ಸುಮಾರು ಒಂದು ಕಿಲೋಮೀಟರು ನೊಣಗಳಿಗೆ ಮೇಯುವ ಹುಲ್ಲುಗಾವಲು. ಅದಕ್ಕೆ ಕಂದಾಯವಿಲ್ಲ, ಬೇಲಿಯಿಲ್ಲ, ನೆರೆಯವರ ತಕರಾರೂ ಇಲ್ಲ. ಕೆಲಸವೂ ವಾರಕ್ಕೊಮ್ಮೆ ಒಂದೊಂದು ಪೆಟ್ಟಿಗೆಗೆ ಕಾಲು ಗಂಟೆಯ ಮೇಲ್ವಿಚಾರಣೆಗಿಂತ ಹೆಚ್ಚಿನದಲ್ಲ. ಮನೆಯ ಹೆಂಗಸರೂ ವಯಸ್ಸಾದವರೂ ನಿರ್ವಹಿಸಬಲ್ಲರು. ಸರಿಯಾಗಿ ಪಕ್ವವಾದ ಜೇನುತುಪ್ಪವು ವರ್ಷಗಟ್ಟಲೆ ಕೆಡುವುದಿಲ್ಲವಾದುದರಿಂದ, ಬೆಲೆಯಿಲ್ಲದ ದಿನ ಮಾರಲೇಬೇಕೆಂಬ ಬಲವಂತವಿಲ್ಲ.

ನಮ್ಮ ನಾಡಿನ ಜೇನುಗಳೆಲ್ಲವೂ ಪೆಟ್ಟಿಗೆಗೆ ಒಗ್ಗತಕ್ಕವಲ್ಲ. ಹೆಜ್ಜೇನೂ ಕೋಲುಜೇನೂ ಬಯಲಿನಲ್ಲಿ ಒಂದೇ ಎರಿಯನ್ನು ಕಟ್ಟುತ್ತವೆ. ಅವನ್ನು ಕತ್ತಲೆಯ ಪೆಟ್ಟಿಗೆಯಲ್ಲಿ ಇರಿಸಿದರೆ ನಿಲ್ಲವು. ಮುಜಂಟಿಯು ಕಚ್ಚದ ಸಾಧು ಜಾತಿ. ಅದರ ತುಪ್ಪ ಔಷಧಕ್ಕೆಂದು ಪ್ರಸಿದ್ಧವಾದರೂ ದೊರಕುವುದು ಅತ್ಯಲ್ಪ. ಮರದ ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಸಾಲಾಗಿ ಹಲವು ಎರಿಗಳನ್ನು ಕಟ್ಟುವ ತುಡುವೆ ಜೇನೊಂದೇ ಮನೆಯಂಗಳಕ್ಕೆ ಯೋಗ್ಯವಾದುದು. 1962ರಲ್ಲಿ ಉತ್ತರ ಭಾರತದಲ್ಲಿ ನೆಲೆಯೂರಿದ ಯೂರೋಪಿನ ಜೇನು ಹೆಚ್ಚು ತುಪ್ಪ ಕೊಡುವುದು ನಿಜ. ಆದರೆ ಅದಕ್ಕೆ ವಿಸ್ತಾರವಾದ ಹೂವಿನ ಬೆಳೆಯೂ, ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುವ ಅನುಕೂಲವೂ ಬೇಕು. ಹೊಸಬನಿಗೆ ಅದು ತಕ್ಕುದಲ್ಲ.

ಹಿಂದಿನವರು ಪೊಟರೆಯ ಜೇನನ್ನು ಕೀಳುತ್ತಿದ್ದ ಬಗೆ ಎಲ್ಲರಿಗೂ ಗೊತ್ತು. ಪಂಜು ಹಿಡಿದು, ನೊಣಗಳನ್ನು ಸುಟ್ಟು, ಮರಿಯಿರುವ ಎರಿಯನ್ನೂ ತುಪ್ಪವಿರುವ ಎರಿಯನ್ನೂ ಒಟ್ಟಿಗೆ ಹಿಂಡುವುದು. ಇದು ಹಾಲಿಗಾಗಿ ಹಸುವನ್ನು ಕೊಂದಂತೆ. ಫಿಲಡೆಲ್ಫಿಯಾ ಪಟ್ಟಣದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು 1851ರಲ್ಲಿ ಒಂದು ಸಣ್ಣ ಸಂಗತಿಯನ್ನು ಕಂಡುಕೊಂಡನು. ಎರಿಗಳ ನಡುವೆಯೂ ಗೋಡೆಯ ಪಕ್ಕದಲ್ಲಿಯೂ ಕಾಲಂಗುಲಕ್ಕೆ ಮೇಲ್ಪಟ್ಟು ಅರ್ಧ ಅಂಗುಲಕ್ಕೆ ಒಳಪಟ್ಟ ಒಂದು ನಿಯತವಾದ ಸಂದನ್ನು ಬಿಟ್ಟರೆ, ನೊಣಗಳು ಅದನ್ನು ಮೇಣದಿಂದ ಮುಚ್ಚದೆ ಓಡಾಟದ ದಾರಿಯಾಗಿ ಉಳಿಸಿಕೊಳ್ಳುತ್ತವೆ. ಈ ಸಂದಿನ ಬಲದಿಂದಲೇ ಎರಿಯನ್ನು ಚೌಕಟ್ಟಿನಲ್ಲಿ ಕಟ್ಟಿಸಿ, ಬೇಕಾದಾಗ ಎತ್ತಿ ನೋಡಿ ತಿರುಗಿ ಇಡುವುದು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ತಿರುಚಿರಾಪಳ್ಳಿಯ ಕಡೆ ನ್ಯೂಟನ್ ಎಂಬ ಪಾದ್ರಿಯು ನಮ್ಮ ತುಡುವೆಯ ಚಿಕ್ಕ ಸಂಸಾರಕ್ಕೆ ಹೊಂದುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದನು. ಕೆಳಗೆ ಮರಿಗಳ ಕೋಣೆ, ಮೇಲೆ ತುಪ್ಪದ ಕೋಣೆ. ಮೇಲಿನದರಿಂದ ಮಾತ್ರ ತುಪ್ಪವನ್ನು ತೆಗೆಯತಕ್ಕದ್ದು. ಕೆಳಗಿನದು ನೊಣಗಳ ಸ್ವತ್ತು. ಊರಿನ ಬಡಗಿಗೆ ಸರಿಯಾದ ಮಾದರಿಯೊಂದನ್ನು ಕೊಟ್ಟರೆ ಅವನೇ ಮಾಡಿಕೊಡುವನು. ಆದರೆ ಅಳತೆಯಲ್ಲಿ ಕೂದಲೆಳೆಯಷ್ಟೂ ಉದಾಸೀನ ಕೂಡದು.

ಆರಂಭಕ್ಕೆ ಎರಡು ಪೆಟ್ಟಿಗೆ ಸಾಕು. ಒಂದೇ ಆದರೆ ಅದರಲ್ಲಿ ಕಂಡುಬಂದುದು ಸಹಜವೋ ದೋಷವೋ ಎಂದು ಹೋಲಿಸಿ ನೋಡಲು ಬರುವುದಿಲ್ಲ. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯ ಎರಿಯನ್ನು ಕೊಟ್ಟು ಉಳಿಸಿಕೊಳ್ಳಲೂ ಬರುವುದಿಲ್ಲ. ಹತ್ತಾದರೆ ಕಲಿಯುವುದರೊಳಗೆ ಕಳೆದುಕೊಳ್ಳುವ ಭಯ. ಸಾಲ ಮಾಡಿ ಇಪ್ಪತ್ತೈದು ಪೆಟ್ಟಿಗೆಗಳನ್ನು ಒಂದೇ ಸಲ ತರಿಸುವ ಉತ್ಸಾಹವನ್ನು ಊರಿನ ಹಿರಿಯರು ತಡೆಯಬೇಕು. ತುಪ್ಪ ತೆಗೆಯುವ ಯಂತ್ರವು ವರ್ಷದಲ್ಲಿ ಕೆಲವೇ ದಿನ ಉಪಯೋಗಕ್ಕೆ ಬರುವುದರಿಂದ ಐದಾರು ಮನೆಯವರು ಸೇರಿ ಒಂದನ್ನು ಕೊಳ್ಳುವುದು ಲೇಸು.

ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಸಂಸಾರವನ್ನು ಪೆಟ್ಟಿಗೆಗೆ ತುಂಬಿದರೆ ಬೇಸಗೆಯ ಹೂವಿನ ಕಾಲಕ್ಕೆ ಅದು ಬಲಿತಿರುತ್ತದೆ. ಪೆಟ್ಟಿಗೆಯನ್ನು ನೆರಳಿನಲ್ಲಿ, ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ ಇಡಬೇಕು. ಇಲ್ಲವಾದರೆ ಇರುವೆಯ ಕಾಟ ತಪ್ಪದು. ಫೆಬ್ರವರಿಯ ಹೊತ್ತಿಗೆ ನೊಣಗಳು ತುಂಬಿ, ಹಿಂಡು ಪಾಲಾಗಿ ಹೊರಟುಹೋಗಲು ಹವಣಿಸುತ್ತದೆ. ಆಗ ಸಾಕುವವನು ನಿರ್ಧರಿಸಬೇಕು: ಸಂಸಾರವನ್ನು ತಾನೇ ಪಾಲುಮಾಡಿ ಪೆಟ್ಟಿಗೆಗಳನ್ನು ಹೆಚ್ಚಿಸಿಕೊಳ್ಳುವುದೋ, ಹೊಸ ರಾಣಿಯ ಕಣಗಳನ್ನು ಮುರಿದು ಒಂದಾಗಿಯೇ ಇರಿಸಿ ತುಪ್ಪವನ್ನು ಪಡೆಯುವುದೋ? ಪಾಲಾದ ಸಂಸಾರದಿಂದ ಆ ವರ್ಷ ತುಪ್ಪ ಬಹಳ ಬಾರದು. ಎರಡನ್ನೂ ಬಯಸುವವನಿಗೆ ಎರಡೂ ದಕ್ಕುವುದಿಲ್ಲ. ಮೊದಲ ವರ್ಷ ಪೆಟ್ಟಿಗೆಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುವುದೇ ವಿವೇಕ.

ಪಕ್ವವಾದ ತುಪ್ಪದ ಕಣಗಳನ್ನು ನೊಣಗಳೇ ಮೇಣದಿಂದ ಮುಚ್ಚುತ್ತವೆ. ಎರಿಯ ಮುಕ್ಕಾಲು ಭಾಗವಾದರೂ ಹೀಗೆ ಮುಚ್ಚುವವರೆಗೆ ಕಾಯಬೇಕು. ಆತುರದಿಂದ ತೆಗೆದ ತುಪ್ಪದಲ್ಲಿ ನೀರಿನ ಅಂಶ ಹೆಚ್ಚಾಗಿದ್ದು, ಬಾಟಲಿಯಲ್ಲಿ ಹುಳಿತು ನೊರೆಯುಕ್ಕುತ್ತದೆ. ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರಿರಕೂಡದೆಂಬುದು ಆಹಾರದ ಕಾನೂನಿನ ಕಟ್ಟಳೆ. ಒಳ್ಳೆಯ ವರ್ಷದಲ್ಲಿ ಬಲವಾದ ಪೆಟ್ಟಿಗೆಯೊಂದರಿಂದ ಐದರಿಂದ ಎಂಟು ಕಿಲೋಗ್ರಾಮು ನಿರೀಕ್ಷಿಸಬಹುದು. ಹೂವಿನ ಕಾಲದಲ್ಲಿ ಅಕಾಲದ ಮಳೆ ಹಿಡಿದರೆ ಏನೂ ಬಾರದಿರಬಹುದು. ಇದಕ್ಕಿಂತ ಹೆಚ್ಚಿನ ಲೆಕ್ಕ ಹೇಳಿ ಪೆಟ್ಟಿಗೆ ಮಾರುವವರನ್ನು ನಂಬಬಾರದು.

ಜೂನ್ ತಿಂಗಳಿಂದ ಮಳೆಯ ಕಾಲ. ನೊಣ ಹೊರಗೆ ಹಾರದು, ಹಾರಿದರೂ ಹೂವಿಲ್ಲ. ಸಂಸಾರಗಳು ಹಸಿದು ಸಾಯುವುದೂ, ಪೆಟ್ಟಿಗೆಯನ್ನು ತೊರೆದು ಪಲಾಯನ ಮಾಡುವುದೂ ಹೆಚ್ಚಾಗಿ ಆಗಲೇ. ತುಪ್ಪವನ್ನು ತೆಗೆಯುವಾಗ ಒಂದು ಪಾಲನ್ನು ಅವುಗಳಿಗೇ ಬಿಟ್ಟವನಿಗೆ ಈ ಕಷ್ಟ ಕಡಮೆ. ಉಳಿದವರು ಸಕ್ಕರೆಯನ್ನು ಸಮ ತೂಕದ ನೀರಿನಲ್ಲಿ ಕರಗಿಸಿ ಸಂಜೆಯ ಹೊತ್ತು ಪೆಟ್ಟಿಗೆಯೊಳಗೆ ಇಡಬೇಕು. ಹೂವಿನ ಕಾಲದಲ್ಲಿ ಹೀಗೆ ಸಕ್ಕರೆ ಕೊಡುವುದು ಮಾತ್ರ ಕಲಬೆರಕೆಯೇ. ಅಂತಹವನ ತುಪ್ಪವನ್ನು ಎರಡನೆಯ ವರ್ಷ ಯಾರೂ ಕೊಳ್ಳರು. ನೊಣಗಳು ಕಡಮೆಯಾಗಿ ಬರಿದಾಗಿರುವ ಹಳೆಯ ಎರಿಗಳನ್ನು ತೆಗೆದುಹಾಕಿ, ತಳದ ಹಲಗೆಯನ್ನು ಗುಡಿಸುತ್ತಿದ್ದರೆ ಮೇಣದ ಹುಳು ಸೇರುವುದಿಲ್ಲ.

ರೋಗದ ವಿಷಯವನ್ನು ಮರೆಮಾಚುವುದು ನ್ಯಾಯವಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ದಕ್ಷಿಣ ಭಾರತದಲ್ಲೆಲ್ಲ ಹಬ್ಬಿ, ಸಾಕಿದ ತುಡುವೆ ಸಂಸಾರಗಳಲ್ಲಿ ಬಹುಪಾಲು ನಾಶವಾದುವು. ಕೊಡಗಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಅನೇಕ ಮನೆಗಳ ಪೆಟ್ಟಿಗೆಗಳು ಬರಿದಾಗಿ ಅಟ್ಟ ಸೇರಿದುವು. ರೋಗ ತಗುಲಿದ ಮರಿಯು ಕಣದಲ್ಲಿ ನೀರುತುಂಬಿದ ಚೀಲದಂತಾಗಿ, ತಲೆಯನ್ನು ಮೇಲಕ್ಕೆತ್ತಿಕೊಂಡು ಸಾಯುತ್ತದೆ. ಇದಕ್ಕೆ ಔಷಧವಿಲ್ಲ. ತಾಳಿಕೊಂಡು ಉಳಿದ ಸಂಸಾರಗಳಿಂದಲೇ ಕ್ರಮೇಣ ಸಂತತಿಯು ಮರಳಿ ಬೆಳೆಯಿತು. ಆದುದರಿಂದ ರೋಗ ಕಂಡ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಎಂದಿಗೂ ಕೊಡಬಾರದು. ದೂರದೂರಿನಿಂದ ಅಗ್ಗಕ್ಕೆ ಬರುವ ಸಂಸಾರಗಳಿಗಿಂತ ಸ್ವಂತ ಊರಿನ ಪೊಟರೆಯಲ್ಲಿ ಬಾಳಿ ಉಳಿದುದೇ ಮೇಲು. ಜೇನು ಸಾಕಣೆಯನ್ನೇ ನಂಬಿ ಬೇಸಾಯವನ್ನು ಬಿಡಕೂಡದೆಂದು ಹೇಳುವುದೂ ಈ ಕಾರಣದಿಂದಲೇ.

ತುಪ್ಪವಲ್ಲದೆ ಇನ್ನೊಂದು ಲಾಭವುಂಟು. ಅದು ಬಾಟಲಿಯಲ್ಲಿ ಕಾಣುವುದಿಲ್ಲ. ರೊಬಸ್ಟಾ ಕಾಫಿಯ ಹೂವು ತನ್ನದೇ ಪರಾಗದಿಂದ ಕಾಯಿ ಕಚ್ಚದು. ಬೇರೆ ಗಿಡದ ಪರಾಗವನ್ನು ಗಾಳಿಯೋ ನೊಣವೋ ತರಬೇಕು. ಏಲಕ್ಕಿಯ ಹೂವು ಒಂದೇ ದಿನದ್ದು. ಅದಕ್ಕೆ ಜೇನುನೊಣವೇ ಮುಖ್ಯ ಆಧಾರ. ಕುಂಬಳ, ಸೌತೆ, ಹೀರೆಗಳ ಮಾತೂ ಇಂತಹುದೇ.

ಊರಿನ ಯಜಮಾನರ ಸಹಾಯ ಬೇಕಾಗುವುದು ಇಲ್ಲಿಯೇ. ಒಬ್ಬನು ಅರಳಿದ ಹೂವಿನ ಮೇಲೆ ಹಗಲಿನಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಹತ್ತು ಮನೆಯ ನೊಣಗಳು ಸಾಯುತ್ತವೆ. ಹೂವಿನ ಕಾಲದಲ್ಲಿ ಸಿಂಪಡಣೆ ಬೇಡವೆಂದೂ, ತಪ್ಪದಿದ್ದರೆ ನೊಣಗಳು ಗೂಡು ಸೇರಿದ ಮೇಲೆ ಸಂಜೆ ಮಾಡಬೇಕೆಂದೂ, ಹಿಂದಿನ ದಿನವೇ ನೆರೆಯವರಿಗೆ ತಿಳಿಸಬೇಕೆಂದೂ ಊರವರು ಸೇರಿ ನಿಶ್ಚಯಿಸಿಕೊಳ್ಳಬಹುದು. ಪೊಟರೆಯಿರುವ ಹಳೆಯ ಮರಗಳನ್ನು ಸೌದೆಗೆಂದು ಕಡಿಯದೆ ಬಿಡುವುದೂ ಅವರ ಮಾತಿನಿಂದ ಆಗುವ ಕೆಲಸ. ನೊಣ ಕಚ್ಚಿದರೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವ ಪ್ರಕೃತಿಯವರು ಕೆಲವರಿರುತ್ತಾರೆ; ಅಂತಹವರು ಈ ಕಸುಬಿಗೆ ಬರಬಾರದು, ಕಚ್ಚಿದಲ್ಲಿ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಬೇಕು. ಪೆಟ್ಟಿಗೆಯನ್ನು ಕೊಳ್ಳುವುದಕ್ಕೆ ಮುಂಚೆ ತೋಟಗಾರಿಕೆ ಇಲಾಖೆಯ ತರಬೇತಿಯನ್ನು ಪಡೆದು, ಹತ್ತಿರದಲ್ಲಿ ಜೇನು ಸಾಕಿರುವವರ ಜೊತೆಯಲ್ಲಿ ಒಂದು ಹೂವಿನ ಕಾಲವನ್ನೂ ಒಂದು ಮಳೆಗಾಲವನ್ನೂ ಕಣ್ಣಾರೆ ನೋಡಿರುವುದು ಅವಶ್ಯ.